ಶೇವಿಂಗ್ ಸೋಪುಗಳನ್ನು ಹೋಲಿಸಿ ನೋಡುವುದು ಹೇಗೆ: ಬಿಲ್ಲೆ, ಸ್ಟಿಕ್, ಕ್ರೀಮ್‌ಗಳ ಸಮಗ್ರ ಮಾರ್ಗದರ್ಶಿ

ಬ್ರಷ್ಷಿನಲ್ಲಿ ನೊರೆ ಎಬ್ಬಿಸಿ ಶೇವ್ ಮಾಡಿಕೊಳ್ಳುವ ರೂಢಿಗೆ ಬಿದ್ದವರು ಒಂದೇ ಸೋಪಿಗೆ ನಿಲ್ಲುವುದು ಅಪರೂಪ. ಎರಡನೆಯದು ಬರುತ್ತದೆ, ಮೂರನೆಯದು ಬರುತ್ತದೆ. ಆಗ ಪ್ರಶ್ನೆ ಏಳುತ್ತದೆ: ಇದರಲ್ಲಿ ಯಾವುದು ನಿಜವಾಗಿ ಚೆನ್ನಾಗಿದೆ? ಹೆಚ್ಚಿನವರ ಉತ್ತರ ಪರಿಮಳ ನೋಡಿ ಬಂದಿರುತ್ತದೆ, ಇಲ್ಲವೇ ನೊರೆ ಎಷ್ಟು ಉಬ್ಬಿತು ಅನ್ನುವುದನ್ನು ನೋಡಿ. ಎರಡೂ ದಾರಿ ತಪ್ಪಿಸುತ್ತವೆ.

ಸೋಪಿನ ಕೆಲಸ ಎರಡೇ. ಕೂದಲನ್ನು ಒದ್ದೆಯಾಗಿ ಇಡಬೇಕು, ಬ್ಲೇಡು ಚರ್ಮದ ಮೇಲೆ ಎಳೆಯದೆ ಜಾರುವಂತೆ ಮಾಡಬೇಕು. ಈ ಎರಡೂ ಕೆಲಸಕ್ಕೆ ಬೇಕಾದದ್ದು ಸೋಪಿಗಿಂತ ಮೊದಲು ನೀರು. ಪ್ರತಿ ಸೋಪೂ ಕೇಳುವ ನೀರಿನ ಪ್ರಮಾಣ ಬೇರೆ. ಒಂದಕ್ಕೆ ಸಾಕಾಗುವಷ್ಟು ನೀರು ಇನ್ನೊಂದಕ್ಕೆ ಏನೇನೂ ಸಾಲದು. ಹಾಗಾಗಿ ಎರಡನ್ನೂ ಒಂದೇ ಅಳತೆಯ ನೀರಿನಲ್ಲಿ ಕಲಸಿ 'ಇದು ಒಳ್ಳೆಯದು, ಅದು ಕೆಟ್ಟದ್ದು' ಅಂದರೆ ಆ ಹೋಲಿಕೆಗೆ ಅರ್ಥವೇ ಇಲ್ಲ. ಮೊದಲು ಪ್ರತಿಯೊಂದಕ್ಕೂ ಅದರದ್ದೇ ನೀರು ಎಷ್ಟು ಅಂತ ಕಂಡುಕೊಳ್ಳಬೇಕು. ಹೋಲಿಕೆ ಆಮೇಲೆ. ಈ ಬರಹವನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ.

ಹಂತ 1: ಲೇಬಲ್ ಓದಿ

ಸ್ನಾನದ ಸೋಪಿನಲ್ಲಿ ಶೇವ್ ಮಾಡಿದರೆ ನೊರೆ ಒಂದೆರಡು ನಿಮಿಷದಲ್ಲೇ ಒಣಗಿ ಹೋಗುತ್ತದೆ. ಶೇವಿಂಗ್ ಸೋಪಿನ ನೊರೆ ಹಾಗಾಗುವುದಿಲ್ಲ. ಕಾರಣ ಅದರ ಕೊಬ್ಬು ಮತ್ತು ಕ್ಷಾರದಲ್ಲಿದೆ.

ಸೋಪು ಅಂದರೆ ಕೊಬ್ಬು ಅಥವಾ ಎಣ್ಣೆ ಕ್ಷಾರದ ಜೊತೆ ಸೇರಿ ಆದದ್ದು. ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಸೋಪು ಗಟ್ಟಿಯಾಗುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದರೆ ಮೆತ್ತಗಾಗುತ್ತದೆ, ನೀರಿನಲ್ಲಿ ಬೇಗ ಕರಗುತ್ತದೆ. ಸ್ನಾನದ ಸೋಪು ಬಹುಪಾಲು ಸೋಡಿಯಂನದು. ಶೇವಿಂಗ್ ಸೋಪಿನ ಬಿಲ್ಲೆಯಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ. ಕ್ರೀಮಿನಲ್ಲಿ ಪೊಟ್ಯಾಸಿಯಂ ಪಾಲು ಜಾಸ್ತಿ, ನೀರೂ ಜಾಸ್ತಿ.

ಇನ್ನು ಕೊಬ್ಬು. ಇಲ್ಲಿ ಮುಖ್ಯವಾದದ್ದು ಸ್ಟಿಯರಿಕ್ ಆಮ್ಲ. ಸಣ್ಣ ಸಣ್ಣ ಗುಳ್ಳೆಗಳ, ದಟ್ಟವಾದ, ಬೇಗ ಕುಸಿಯದ ನೊರೆ ಬರುವುದು ಇದರಿಂದ. ಪಾಮಿಟಿಕ್ ಆಮ್ಲವೂ ಅದೇ ಕೆಲಸಕ್ಕೆ ಕೈ ಜೋಡಿಸುತ್ತದೆ. ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇರುವುದು ಲಾರಿಕ್ ಆಮ್ಲ. ಅದು ನೊರೆಯನ್ನು ಬೇಗ ಎಬ್ಬಿಸುತ್ತದೆ, ಗುಳ್ಳೆ ದೊಡ್ಡದು ಮಾಡುತ್ತದೆ. ಆದರೆ ಅದು ಅತಿಯಾದರೆ ಚರ್ಮ ಒಣಗುತ್ತದೆ. ಹದವಾಗಿ ಬೆರೆಸಿದ ಸೋಪಿನಲ್ಲಿ ಸ್ಟಿಯರಿಕ್ ನೊರೆಯನ್ನು ಹಿಡಿದಿಡುತ್ತದೆ, ತೆಂಗಿನೆಣ್ಣೆ ಅದನ್ನು ಬೇಗ ಮೇಲೇಳಿಸುತ್ತದೆ.

ಲೇಬಲ್ಲಿನಲ್ಲಿ ಪ್ರಮಾಣ ಜಾಸ್ತಿ ಇರುವುದರ ಹೆಸರು ಮೊದಲು ಬರುತ್ತದೆ. ಕ್ರಮವಾಗಿ ಇಳಿಯುತ್ತಾ ಹೋಗುತ್ತದೆ. ಶೇಕಡಾ 1ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಹೇಗೆ ಬೇಕಾದರೂ ಬರೆಯಬಹುದು. ಆದ್ದರಿಂದ ಮೊದಲ ಐದಾರು ಹೆಸರುಗಳೇ ಆ ಸೋಪಿನ ಜಾತಕ. ಅಲ್ಲಿ ಸ್ಟಿಯರಿಕ್ ಆಸಿಡ್, ಪೊಟ್ಯಾಸಿಯಂ ಸ್ಟಿಯರೇಟ್, ಪೊಟ್ಯಾಸಿಯಂ ಟ್ಯಾಲೋವೇಟ್ ಇಂಥವು ಕಂಡರೆ ಒಳ್ಳೆಯ ಸೂಚನೆ. ಟ್ಯಾಲೋವೇಟ್ ಅಂದರೆ ಪ್ರಾಣಿಯ ಕೊಬ್ಬಿನಿಂದ ಬಂದದ್ದು, ಕೊಕೊಯೇಟ್ ಅಂದರೆ ತೆಂಗಿನೆಣ್ಣೆಯದು, ಪಾಮೇಟ್ ಅಂದರೆ ತಾಳೆ ಎಣ್ಣೆಯದು. ಸೋಡಿಯಂ ಪಾಮೇಟ್, ಸೋಡಿಯಂ ಕೊಕೊಯೇಟ್ ಎರಡೇ ಮುಂದೆ ಇದ್ದು, ಪೊಟ್ಯಾಸಿಯಂ ಎಲ್ಲೂ ಕಾಣದಿದ್ದರೆ? ಅದು ಶೇವಿಂಗ್ ಡಬ್ಬಿಯಲ್ಲಿ ಕೂತ ಸ್ನಾನದ ಸೋಪು ಅಂತ ಅನುಮಾನ ಪಡಬಹುದು.

ಕೆಳಗಿನ ಸಾಲುಗಳನ್ನೂ ಬಿಡಬೇಡಿ. ಗ್ಲಿಸರಿನ್ ತೇವ ಹಿಡಿದಿಡುತ್ತದೆ. ಲ್ಯಾನೋಲಿನ್ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು, ಒಣ ಚರ್ಮದವರಿಗೆ ಹಿತ. ಕೆಲವರಿಗೆ ಅದೇ ಅಲರ್ಜಿ ತರುವುದೂ ಉಂಟು. ಇಡಿಟಿಎ ಇದ್ದರೆ ಅದು ಗಡಸು ನೀರಿನ ಕಾಟವನ್ನು ಕಡಿಮೆ ಮಾಡಲು ಹಾಕಿದ್ದು. ಲಿಮೊನೀನ್, ಲಿನಲೂಲ್, ಸಿಟ್ರಲ್ ಇವೆಲ್ಲ ಪರಿಮಳದ ಭಾಗಗಳು. ಸುಗಂಧ ಆಗದ ಚರ್ಮದವರು ಈ ಹೆಸರುಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಪ್ರಾಣಿ ಕೊಬ್ಬು ಮೇಲೋ ಸಸ್ಯಜನ್ಯ ಮೇಲೋ ಅನ್ನುವ ವಾದ ಎಂದೂ ಮುಗಿಯುವುದಿಲ್ಲ. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ನೊರೆಗೆ ಬೇಕಾದದ್ದು ಸರಿಯಾದ ಕೊಬ್ಬಿನಾಮ್ಲಗಳು. ಅವು ಎಲ್ಲಿಂದ ಬಂದವು ಅನ್ನುವುದು ನೊರೆಗೆ ಗೊತ್ತಾಗುವುದಿಲ್ಲ. ಸ್ಟಿಯರಿಕ್ ಆಮ್ಲವನ್ನು ತಾಳೆ ಎಣ್ಣೆಯಿಂದಲೂ ತೆಗೆಯುತ್ತಾರೆ. ಪ್ರಾಣಿ ಕೊಬ್ಬು ಬೇಡ ಅನ್ನುವವರು ಗುಣಮಟ್ಟ ಬಿಟ್ಟುಕೊಡಬೇಕಾಗಿಲ್ಲ. ಸಸ್ಯಜನ್ಯ ಅಂತ ಬರೆದ ತಕ್ಷಣ ಸೋಪು ಚರ್ಮಕ್ಕೆ ಮೃದು ಅಂತಲೂ ಅಲ್ಲ.

ಇನ್ನೊಂದು ಮಾತು. ಕಂಪನಿಗಳು ಹೆಸರು ಹಾಗೇ ಇಟ್ಟು ಒಳಗಿನ ಪಾಕ ಬದಲಿಸುತ್ತವೆ. ಜರ್ಮನಿಯ ಟಬಾಕ್ ದಶಕಗಳ ಕಾಲ ಪ್ರಾಣಿ ಕೊಬ್ಬಿನ ಸೋಪಾಗಿತ್ತು, ಈಚೆಗೆ ಸಸ್ಯಜನ್ಯಕ್ಕೆ ತಿರುಗಿತು. ಹಳೆಯ ಪಾಕದ ಮೇಲೆ ಬರೆದ ಹೊಗಳಿಕೆ ಹೊಸದಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಕೈಯಲ್ಲಿರುವ ಡಬ್ಬಿಯ ಹಿಂಬದಿಯನ್ನೇ ನಂಬಿ.

ಹಂತ 2: ಯಾವ ಬಗೆಯದು ಅಂತ ಬೇರ್ಪಡಿಸಿ

ಗಟ್ಟಿ ಬಿಲ್ಲೆ, ಮೆತ್ತನೆಯ ಸೋಪು, ಸ್ಟಿಕ್, ಕ್ರೀಮ್. ಈ ನಾಲ್ಕನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಅಂಕ ಕೊಡುವುದು ಸರಿಯಲ್ಲ. ಇಂಗ್ಲೆಂಡಿನ ಮಿಚೆಲ್ಸ್ ವುಲ್ ಫ್ಯಾಟ್ ಗಟ್ಟಿ ಬಿಲ್ಲೆ, ಹೆಸರೇ ಹೇಳುವಂತೆ ಲ್ಯಾನೋಲಿನ್ ಇರುವಂಥದ್ದು. ಇಟಲಿಯ ಚೆಲ್ಲಾ ಬೆರಳಿನಿಂದ ಒತ್ತಿದರೆ ಒಳಗಿಳಿಯುವಷ್ಟು ಮೆತ್ತಗೆ, ಬಾದಾಮಿ ಪರಿಮಳದ್ದು. ಟರ್ಕಿಯ ಆರ್ಕೊ ಸ್ಟಿಕ್, ನೇರವಾಗಿ ಗಡ್ಡದ ಮೇಲೆ ಉಜ್ಜಿಕೊಳ್ಳುವುದು. ಇಟಲಿಯದೇ ಪ್ರೊರಾಸೊ ಟ್ಯೂಬಿನಲ್ಲಿ ಕ್ರೀಮಾಗಿಯೂ ಬಟ್ಟಲಿನಲ್ಲಿ ಸೋಪಾಗಿಯೂ ಸಿಗುತ್ತದೆ.

ಗಟ್ಟಿ ಬಿಲ್ಲೆ ತುಂಬಾ ದಿನ ಬಾಳುತ್ತದೆ, ಆದರೆ ಬ್ರಷ್ಷಿಗೆ ಸೋಪು ಹತ್ತಿಸಲು ತಾಳ್ಮೆ ಬೇಕು. ಕ್ರೀಮ್ ಕ್ಷಣದಲ್ಲಿ ನೊರೆಯಾಗುತ್ತದೆ, ಬೇಗ ಖಾಲಿಯಾಗುತ್ತದೆ. ಪ್ರಯಾಣಕ್ಕೆ ಸ್ಟಿಕ್ಕಿಗಿಂತ ಅನುಕೂಲದ್ದು ಇಲ್ಲ. ಹೋಲಿಕೆಯನ್ನು ಬಿಲ್ಲೆಗೆ ಬಿಲ್ಲೆ, ಕ್ರೀಮಿಗೆ ಕ್ರೀಮ್ ಅಂತ ಮಾಡಿ. ಕೊನೆಗೆ ಪ್ರತಿ ಗುಂಪಿನಲ್ಲಿ ಗೆದ್ದದ್ದನ್ನು ಎದುರುಬದುರು ಇಡಬಹುದು.

ಹಂತ 3: ಸೋಪು ಬಿಟ್ಟು ಉಳಿದದ್ದೆಲ್ಲ ಒಂದೇ ಇರಲಿ

ಒಂದೇ ರೇಜರ್. ಒಂದೇ ಬ್ರಷ್. ಒಂದೇ ನಲ್ಲಿಯ ನೀರು. ಗಡ್ಡ ಬೆಳೆದ ಅವಧಿಯೂ ಒಂದೇ: ಒಂದು ದಿನದ ಕುರುಚಲಿಗೂ ಮೂರು ದಿನದ್ದಕ್ಕೂ ಹೋಲಿಕೆ ಇಲ್ಲ. ಬ್ಲೇಡ್ ಎಷ್ಟನೇ ಸಲದ್ದು ಅನ್ನುವುದನ್ನು ಜನ ಮರೆಯುತ್ತಾರೆ. ಮೊದಲ ಸೋಪನ್ನು ಹೊಸ ಬ್ಲೇಡಿನಲ್ಲಿ, ಎರಡನೆಯದನ್ನು ಅದೇ ಬ್ಲೇಡಿನ ಐದನೇ ಸಲದಲ್ಲಿ ನೋಡಿದರೆ ಸೋಲುವುದು ಸೋಪಲ್ಲ, ಬ್ಲೇಡು. ಪ್ರತಿ ಸೋಪಿಗೂ ಬ್ಲೇಡಿನ ಎರಡನೇ ಸಲವನ್ನೇ ಇಟ್ಟುಕೊಳ್ಳಿ. ಹೊಚ್ಚ ಹೊಸ ಬ್ಲೇಡು ಕೆಲವೊಮ್ಮೆ ಮೊದಲ ಸಲ ಸ್ವಲ್ಪ ಒರಟಾಗಿರುತ್ತದೆ.

ಹಂದಿ ಕೂದಲು, ಬ್ಯಾಡ್ಜರ್ ಕೂದಲಿನ ಬ್ರಷ್ಷುಗಳನ್ನು ಮೊದಲೇ ಕೆಲವು ನಿಮಿಷ ನೆನೆಸಬೇಕು. ಅವು ತಮ್ಮೊಳಗೇ ನೀರು ಇಟ್ಟುಕೊಳ್ಳುತ್ತವೆ. ಸಿಂಥೆಟಿಕ್ ಬ್ರಷ್ ನೀರನ್ನು ಹೀರುವುದಿಲ್ಲ, ನೆನೆಸುವ ಗೊಡವೆಯೂ ಇಲ್ಲ. ಹೋಲಿಕೆಗೆ ನಾನು ಸಿಂಥೆಟಿಕ್ಕನ್ನೇ ಹೇಳುತ್ತೇನೆ. ಬಟ್ಟಲಿಗೆ ಎಷ್ಟು ನೀರು ಹೋಯಿತು ಅನ್ನುವ ಲೆಕ್ಕ ಸಿಗುತ್ತದೆ, ತೊಳೆದರೆ ಹಳೆಯ ಸೋಪಿನ ವಾಸನೆಯೂ ಬೇಗ ಬಿಡುತ್ತದೆ.

ಮುಖವನ್ನು ಬೆಚ್ಚಗಿನ ನೀರಿನಲ್ಲಿ 2–3 ನಿಮಿಷ ಒದ್ದೆಯಾಗಿಟ್ಟುಕೊಳ್ಳಿ. ನೀರು ಹೀರಿದ ಕೂದಲು ಮೆತ್ತಗಾಗುತ್ತದೆ, ಅದನ್ನು ಕತ್ತರಿಸಲು ಬೇಕಾಗುವ ಬಲ ತೀರಾ ಕಡಿಮೆ. ಈ ತಯಾರಿ ಒಂದು ದಿನ ಇದ್ದು ಇನ್ನೊಂದು ದಿನ ಇಲ್ಲದಿದ್ದರೆ ನೀವು ಅಳೆದದ್ದು ಸೋಪನ್ನಲ್ಲ.

ಹಂತ 4: ಪ್ರತಿ ಸೋಪಿನ ನೀರು ಕಂಡುಹಿಡಿಯಿರಿ

ಇದನ್ನು ಮುಖದ ಮೇಲೆ ಮಾಡಬೇಡಿ. ಬಟ್ಟಲಿನಲ್ಲಿ ಮಾಡಿ, ಶೇವ್ ಇಲ್ಲದ ಹೊತ್ತಿನಲ್ಲಿ. ಬೇಕಾದದ್ದು ಒಂದು ಬಟ್ಟಲು, ಸೂಜಿ ತೆಗೆದ ಒಂದು ಸಿರಿಂಜ್, ಸಾಧ್ಯವಾದರೆ 0.1 ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ.

ಸೋಪನ್ನು 1 ಗ್ರಾಂನಷ್ಟು ಕೆರೆದು ತೆಗೆದು ಬಟ್ಟಲಿನ ತಳಕ್ಕೆ ಒತ್ತಿ. ಬ್ರಷ್ಷನ್ನು ಒದ್ದೆ ಮಾಡಿ, ಇನ್ನು ಹನಿ ಬೀಳದಷ್ಟು ಹಿಂಡಿ. ಈಗ ಸೋಪಿನ ಮೇಲೆ ತಿರುಗಿಸಿ. ಮೊದಲು ಬರುವುದು ನೊರೆಯಲ್ಲ, ಅಂಟಂಟಾದ ದಪ್ಪ ಪೇಸ್ಟು. ಅದು ಬರಬೇಕು. ಅಲ್ಲಿಂದ 2 ಮಿಲಿಲೀಟರ್ ನೀರು ಹಾಕಿ, ಅರ್ಧ ನಿಮಿಷ ಕಲಸಿ, ನೋಡಿ. ಮತ್ತೆ 2, ಮತ್ತೆ ಕಲಸುವುದು. ಪ್ರತಿ ಸಲ ಏನಾಯಿತು ಅಂತ ಬರೆಯುತ್ತಾ ಹೋಗಿ.

ನೋಡುವುದು ಏನನ್ನು? ಪೇಸ್ಟು ಮೊದಲು ಉಬ್ಬುತ್ತದೆ. ಬ್ರಷ್ ಎತ್ತಿದರೆ ಚೂಪಾದ ಶಿಖರಗಳು ನಿಲ್ಲುತ್ತವೆ. ಬಣ್ಣ ಬೆಳ್ಳಗೆ, ಆದರೆ ಮಂಕು. ಬಹಳ ಜನ ಇಲ್ಲೇ ನಿಲ್ಲಿಸುತ್ತಾರೆ, ನೋಡಲು ಅಷ್ಟು ಚೆನ್ನಾಗಿರುತ್ತದೆ. ಆದರೆ ಈ ನೊರೆ ಒಣ ನೊರೆ. ಒಂದು ಚಿಟಿಕೆಯಷ್ಟು ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ. ಬೆರಳು ತಡೆದು ತಡೆದು ಹೋಗುತ್ತದೆ, ಅಲ್ವಾ? ಅಂದರೆ ಒಳಗೆ ನೀರಿಲ್ಲ, ಗಾಳಿ ಇದೆ.

ಮುಂದುವರಿಸಿ. ಇನ್ನೆರಡು ಮೂರು ಸಲ ನೀರು ಬಿದ್ದ ಮೇಲೆ ಶಿಖರಗಳು ತುದಿ ಬಾಗಿಸುತ್ತವೆ. ನೊರೆಯ ಮೈ ಈಗ ತಾನೇ ಬಳಿದ ಬಣ್ಣದ ಹಾಗೆ ಮಿನುಗುತ್ತದೆ. ಗುಳ್ಳೆ ಕಣ್ಣಿಗೆ ಕಾಣುವುದೇ ಇಲ್ಲ. ಬೆರಳುಗಳ ನಡುವೆ ತಿಕ್ಕಿದರೆ ಹಿಡಿತವೇ ಸಿಗದಷ್ಟು ಜಾರು. ಇದು ಆ ಸೋಪಿನ ಹದ. ಇಲ್ಲಿಯವರೆಗೆ ಹೋದ ನೀರಿನ ಲೆಕ್ಕ ಬರೆದುಕೊಳ್ಳಿ. ಆದರೆ ನಿಲ್ಲಿಸಬೇಡಿ. ನೊರೆ ಕುಸಿಯುವವರೆಗೂ ನೀರು ಹಾಕುತ್ತಲೇ ಹೋಗಿ. ಗುಳ್ಳೆಗಳು ದೊಡ್ಡವಾಗಿ ಕಾಣತೊಡಗಿ, ನೊರೆ ತೆಳ್ಳಗಾಗಿ ಬಟ್ಟಲಿನ ಬದಿಯಿಂದ ಜಾರಿ ಇಳಿದರೆ ಅದು ಕೊನೆ. ಆ ಲೆಕ್ಕವನ್ನೂ ಬರೆಯಿರಿ.

ಈ ಎರಡು ಅಂಕಿಗಳ ನಡುವಿನ ಅಂತರವೇ ನನಗೆ ತುಂಬಾ ಬೆಲೆಬಾಳುವ ವಿಷಯ. ಅಂತರ ದೊಡ್ಡದಿದ್ದರೆ ಬೆಳಗಿನ ಅವಸರದಲ್ಲಿ ನಾಲ್ಕು ಹನಿ ಹೆಚ್ಚುಕಮ್ಮಿಯಾದರೂ ಸೋಪು ಸಹಿಸಿಕೊಳ್ಳುತ್ತದೆ. ಅಂತರ ಚಿಕ್ಕದಿದ್ದರೆ ಹದ ಸಿಕ್ಕ ದಿನ ಅದ್ಭುತ, ಸಿಗದ ದಿನ ಕಿರಿಕಿರಿ. ದಿನಾ ಬಳಸುವುದಕ್ಕೆ ನಾನು ಮೊದಲನೆಯದನ್ನೇ ಆರಿಸುತ್ತೇನೆ, ಅದರ ಹದ ಒಂದು ಗುಲಗಂಜಿಯಷ್ಟು ಕಡಿಮೆಯಿದ್ದರೂ ಸರಿ.

ಹದಕ್ಕೆ ಬಂದ ನೊರೆಯನ್ನು ಇನ್ನೊಮ್ಮೆ ಮಾಡಿ ಹತ್ತು ನಿಮಿಷ ಸುಮ್ನೆ ಬಿಟ್ಟು ನೋಡಿ. ಮೇಲ್ಮೈ ಒಣಗಿ ತೂತು ತೂತಾಯಿತೇ, ತಳದಲ್ಲಿ ನೀರು ಬೇರೆಯಾಯಿತೇ, ಹಾಗೇ ನಿಂತಿತೇ? ನಿಧಾನವಾಗಿ ಮೂರು ಸುತ್ತು ಶೇವ್ ಮಾಡುವವರಿಗೆ ಇದು ಮುಖ್ಯ. ಐದು ನಿಮಿಷದಲ್ಲಿ ಮುಗಿಸುವವರಿಗೆ ಅಷ್ಟೇನಲ್ಲ.

ಗಡಸು ನೀರು

ಕೆಲವು ಸೋಪುಗಳು ಎಷ್ಟು ಕಲಸಿದರೂ ಹದಕ್ಕೆ ಬರುವುದಿಲ್ಲ. ನೊರೆ ಏಳುತ್ತದೆ, ಮಾಯವಾಗುತ್ತದೆ. ಬಟ್ಟಲಿನ ಅಂಚಿಗೆ ಬಿಳಿ ಗಸಿ ಅಂಟುತ್ತದೆ. ಇದು ಸೋಪಿನ ತಪ್ಪು ಅಂತ ತೀರ್ಮಾನಿಸುವ ಮೊದಲು ನೀರನ್ನು ಪರೀಕ್ಷಿಸಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಕೊಬ್ಬಿನಾಮ್ಲವನ್ನು ಹಿಡಿದುಕೊಂಡು ಕರಗದ ಗಸಿ ಮಾಡುತ್ತವೆ. ಅಷ್ಟು ಸೋಪು ಕೆಲಸಕ್ಕೆ ಬಾರದೆ ಹೋದಂತೆ.

ಪರೀಕ್ಷೆ ಸುಲಭ. ಅದೇ 1 ಗ್ರಾಂ ಸೋಪನ್ನು ಡಿಸ್ಟಿಲ್ಡ್ ವಾಟರ್ ಅಥವಾ ಆರ್‌ಓ ನೀರಿನಲ್ಲಿ ಕಲಸಿ. ಸೋಪು ಜೀವ ಬಂದಂತೆ ಉಬ್ಬಿದರೆ ದೋಷ ನಲ್ಲಿಯದು. ಆಗ ಮೂರು ದಾರಿ ಇವೆ: ನೊರೆಗಷ್ಟೇ ಆ ನೀರನ್ನು ಬಳಸುವುದು, ಸೋಪನ್ನು ಜಾಸ್ತಿ ಹತ್ತಿಸಿಕೊಳ್ಳುವುದು, ಇಲ್ಲವೇ ಪೊಟ್ಯಾಸಿಯಂ ಹೆಚ್ಚಿರುವ, ಇಡಿಟಿಎ ಇರುವ ಸೋಪಿಗೋ ಕ್ರೀಮಿಗೋ ಹೋಗುವುದು. ಒಬ್ಬರು ಕೊಂಡಾಡಿದ ಸೋಪು ಇನ್ನೊಬ್ಬರಿಗೆ ನೊರೆಯೇ ಕೊಡದಿದ್ದರೆ ಎಷ್ಟೋ ಸಲ ಇಬ್ಬರ ನಡುವಿನ ವ್ಯತ್ಯಾಸ ಇಷ್ಟೇ.

ಹಂತ 5: ಮುಖದ ಮೇಲೆ, ಅರ್ಧ ಅರ್ಧ

ಬೇರೆ ಬೇರೆ ದಿನ ಬಳಸಿ ನೆನಪಿನಿಂದ ಹೋಲಿಸುವುದು ಕಷ್ಟ. ನೆನಪು ಪರಿಮಳದ ಕಡೆಗೇ ವಾಲುತ್ತದೆ. ಅದಕ್ಕಿಂತ ಅರ್ಧ ಮುಖಕ್ಕೆ ಒಂದು, ಅರ್ಧಕ್ಕೆ ಇನ್ನೊಂದು ಹಚ್ಚುವುದು ಒಳ್ಳೆಯ ಉಪಾಯ. ಎಡಕ್ಕೆ ಮೊದಲ ಸೋಪಿನ ನೊರೆ ಹಚ್ಚಿ ಶೇವ್ ಮಾಡಿ, ಬ್ರಷ್ ತೊಳೆಯಿರಿ, ಬಲಕ್ಕೆ ಎರಡನೆಯದು. ಒಂದೇ ಜಾತಿಯ ಎರಡು ಬ್ರಷ್ ಇದ್ದರೆ ಇನ್ನೂ ಸರಾಗ.

ಎರಡು ಅಂಚಿನ ಬ್ಲೇಡಿನವರಿಗೆ ಇಲ್ಲೊಂದು ಅನುಕೂಲ ಇದೆ. ಹಲವು ಬ್ಲೇಡುಗಳ ಮೂಲೆಗಳಲ್ಲಿ 1ರಿಂದ 4ರವರೆಗೆ ಅಂಕಿ ಹೊಡೆದಿರುತ್ತಾರೆ. ಒಂದು ಅಂಚನ್ನು ಎಡಗೆನ್ನೆಗೆ, ಇನ್ನೊಂದನ್ನು ಬಲಗೆನ್ನೆಗೆ ಮೀಸಲಿಡಿ. ಎರಡೂ ಸೋಪಿಗೆ ಒಂದೇ ಹರಿತ ಸಿಕ್ಕಂತಾಯಿತು. ಮುಂದಿನ ಸಲ ಬದಿ ಅದಲುಬದಲು ಮಾಡುವುದನ್ನು ಮಾತ್ರ ಮರೆಯಬೇಡಿ. ಬಲಗೈಯವರಿಗೆ ಒಂದು ಕೆನ್ನೆ ಸಲೀಸು, ಇನ್ನೊಂದು ಕೆನ್ನೆ ಕಷ್ಟ. ಕೂದಲು ಬೆಳೆಯುವ ದಿಕ್ಕೂ ಎರಡು ಕಡೆ ಒಂದೇ ಇರುವುದಿಲ್ಲ, ಕುತ್ತಿಗೆಯಲ್ಲಂತೂ ಇಲ್ಲವೇ ಇಲ್ಲ.

ಮನೆಯವರ ಸಹಾಯ ಸಿಕ್ಕರೆ ಎರಡೂ ನೊರೆಗಳನ್ನು ಒಂದೇ ಥರದ ಬಟ್ಟಲುಗಳಲ್ಲಿ ಅವರ ಕೈಯಲ್ಲೇ ಕಲಸಿಸಿ, ತಳದಲ್ಲಿ ಗುರುತು ಹಾಕಿಸಿ. ಯಾವುದು ಯಾವುದೆಂದು ಶೇವ್ ಮುಗಿದ ಮೇಲೆ ನೋಡಿ. ಪರಿಮಳದಿಂದ ಗೊತ್ತಾಗಿಬಿಡುವ ಸೋಪುಗಳಿಗೆ ಇದು ನಡೆಯುವುದಿಲ್ಲ, ಪರಿಮಳವಿಲ್ಲದವುಗಳಿಗೆ ಚೆನ್ನಾಗಿ ನಡೆಯುತ್ತದೆ.

ಶೇವ್ ಮಾಡುವಾಗ ಗಮನವೆಲ್ಲ ಒಂದು ಕಡೆ ಇರಲಿ. ಬ್ಲೇಡು ಒಮ್ಮೆ ಹಾದುಹೋಗಿ ನೊರೆಯನ್ನು ಬಳಿದುಕೊಂಡು ಹೋದ ಜಾಗ ಇದೆಯಲ್ಲ, ಅಲ್ಲಿ ಬೆರಳಾಡಿಸಿ. ಕಣ್ಣಿಗೆ ಏನೂ ಇಲ್ಲ. ಆದರೂ ಬೆರಳು ಜಾರಬೇಕು. ಬಿಟ್ಟುಹೋದ ನಾಲ್ಕು ಕೂದಲಿಗಾಗಿ ಅದೇ ಜಾಗಕ್ಕೆ ರೇಜರ್ ವಾಪಸು ಹೋಗುವುದು ಎಲ್ಲರೂ ಮಾಡುವ ಕೆಲಸ. ಉರಿ, ಗೀರು, ಕೆಂಪು ಗುಳ್ಳೆ ಏಳುವುದೂ ಬಹುತೇಕ ಆಗಲೇ. ನೊರೆ ಹೋದ ಮೇಲೂ ಜಾರು ಉಳಿಸುವ ಸೋಪು ಆ ಹೊತ್ತಿನಲ್ಲಿ ಚರ್ಮವನ್ನು ಕಾಯುತ್ತದೆ. ನನ್ನ ಅಂಕಪಟ್ಟಿಯಲ್ಲಿ ಒಟ್ಟು ಅಂಕದ ಅರ್ಧದಷ್ಟು ಈ ಉಳಿದ ಜಾರಿಗೇ ಹೋಗುತ್ತದೆ.

ನೊರೆಯ ದಪ್ಪಕ್ಕೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಬ್ಲೇಡಿಗೂ ಚರ್ಮಕ್ಕೂ ನಡುವೆ ಕೆಲಸ ಮಾಡುವುದು ತೆಳುವಾದ ಒಂದು ಒದ್ದೆ ಪದರ. ಅದರ ಮೇಲೆ ಅರ್ಧ ಅಂಗುಲ ನೊರೆ ಇದ್ದರೂ ಅದು ರೇಜರ್ ತೊಳೆಯುವ ಕೆಲಸವನ್ನು ಹೆಚ್ಚಿಸುತ್ತದೆ, ಅಷ್ಟೇ.

ಹಂತ 6: ತೊಳೆದ ಮೇಲೆ

ಸೋಪು ಕ್ಷಾರೀಯ, ಪಿಎಚ್ ಸುಮಾರು 9ರಿಂದ 10. ಚರ್ಮದ್ದು 5ರ ಆಸುಪಾಸು. ಹಾಗಾಗಿ ಯಾವ ಸೋಪಾದರೂ ಚರ್ಮವನ್ನು ಸ್ವಲ್ಪ ಬಿಗಿಯಾಗಿಸುತ್ತದೆ. ಎಷ್ಟು ಅನ್ನುವುದರಲ್ಲಿ ವ್ಯತ್ಯಾಸ. ಹೋಲಿಕೆಯ ದಿನಗಳಲ್ಲಿ ಆಫ್ಟರ್‌ಶೇವ್, ಕ್ರೀಮು ಏನನ್ನೂ ತಕ್ಷಣ ಹಚ್ಚಬೇಡಿ. ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು ಒತ್ತಿ ಒರೆಸಿ. ಹತ್ತು ನಿಮಿಷ ಬಿಟ್ಟು ಬಾಯಿ ಅಗಲಿಸಿ ನೋಡಿ, ಕೆನ್ನೆ ಎಳೆದಂತಾಗುತ್ತದೆಯೇ? ಒಂದು ಗಂಟೆಯ ಮೇಲೆ ಇನ್ನೊಮ್ಮೆ. ಸಂಜೆ ಕನ್ನಡಿಯಲ್ಲಿ ದವಡೆಯ ಅಂಚು, ಮೂಗಿನ ಪಕ್ಕ ಬಿಳಿ ಹುಡಿ ಎದ್ದಿದೆಯೇ ನೋಡಿ.

ಪಟಿಕದ ಬಿಲ್ಲೆ ಇದ್ದರೆ ಅದು ಒಳ್ಳೆಯ ಸಾಕ್ಷಿ. ಒದ್ದೆ ಮುಖದ ಮೇಲೆ ಸವರಿದರೆ ಕಣ್ಣಿಗೆ ಕಾಣದ ಗೀರುಗಳಿರುವ ಜಾಗದಲ್ಲೆಲ್ಲ ಉರಿಯುತ್ತದೆ. ಆದರೆ ಪಟಿಕ ತಾನೇ ಚರ್ಮವನ್ನು ಬಿಗಿ ಮಾಡುತ್ತದೆ. ಆದ್ದರಿಂದ ಅದನ್ನು ಹಚ್ಚಿದ ದಿನ ಚರ್ಮದ ಬಿಗಿತಕ್ಕೆ ಅಂಕ ಕೊಡಬೇಡಿ. ಒಂದು ದಿನ ಪಟಿಕದ ಪರೀಕ್ಷೆ, ಇನ್ನೊಂದು ದಿನ ಬಿಗಿತದ್ದು.

ಮೆಂಥಾಲ್ ಇರುವ ಸೋಪುಗಳ ಬಗ್ಗೆ ಎಚ್ಚರ. ಪ್ರೊರಾಸೊದ ಹಸಿರು ಬಗೆ ಇಂಥದ್ದು, ನೀಲಗಿರಿ ಎಣ್ಣೆಯೂ ಇದೆ. ಆ ತಂಪು ಬಲು ಹಿತ, ನನಗೂ ಇಷ್ಟ. ಆದರೆ ತಂಪು ಉರಿಯನ್ನು ಮುಚ್ಚಿಡುತ್ತದೆ. ಶೇವ್ ಹೇಗಾಯಿತು ಅನ್ನುವುದು ತಂಪು ಇಳಿದ ಮೇಲಷ್ಟೇ ಗೊತ್ತಾಗುತ್ತದೆ, ಅಲ್ಲಿಯವರೆಗೆ ಏನೂ ಬರೆಯಬೇಡಿ.

ಹಂತ 7: ಆಯ್ಕೆ

ನೀರಿನ ಎರಡು ಅಂಕಿ, ಉಳಿದ ಜಾರು, ಒಂದು ಗಂಟೆಯ ಮೇಲಿನ ಚರ್ಮ. ಈ ಮೂರು ನಿಮ್ಮ ಕೈಯಲ್ಲಿದ್ದರೆ ಆಯ್ಕೆ ತಾನಾಗಿ ಸುಲಭವಾಗುತ್ತದೆ. ಒಣ ಚರ್ಮದವರು ಮೂರನೆಯದಕ್ಕೆ ತೂಕ ಕೊಡಿ, ಲ್ಯಾನೋಲಿನ್, ಶಿಯಾ ಬೆಣ್ಣೆ, ಗ್ಲಿಸರಿನ್ ಇರುವವನ್ನು ಮುಂದೆ ತನ್ನಿ. ಕೂದಲು ದಪ್ಪ, ಚರ್ಮ ಸೂಕ್ಷ್ಮ ಇರುವವರಿಗೆ ಜಾರೇ ಎಲ್ಲ. ಈಗಷ್ಟೇ ಬ್ರಷ್ ಹಿಡಿಯುತ್ತಿರುವವರು ಕ್ರೀಮಿನಿಂದ ಅಥವಾ ಮೆತ್ತನೆಯ ಸೋಪಿನಿಂದ ಶುರುಮಾಡಿ. ಗಟ್ಟಿ ಬಿಲ್ಲೆ ಮೊದಲ ವಾರದಲ್ಲೇ ಉತ್ಸಾಹ ಕುಗ್ಗಿಸಬಹುದು. ಹೊಸ ಬಿಲ್ಲೆಯ ಮೇಲ್ಪದರ ಒಣಗಿರುತ್ತದೆ. ಶೇವಿಗೆ ಮೊದಲು ಒಂದು ಚಮಚ ಬಿಸಿನೀರು ಸುರಿದು ಐದು ನಿಮಿಷ ಬಿಟ್ಟರೆ ಸೋಪು ಸುಲಭವಾಗಿ ಬ್ರಷ್ಷಿಗೆ ಹತ್ತುತ್ತದೆ. ಹೀಗೆ ನಾಲ್ಕೈದು ಸಲ ಬಳಸುವವರೆಗೆ ಗಟ್ಟಿ ಬಿಲ್ಲೆಗೆ ತೀರ್ಪು ಕೊಡಬೇಡಿ.

ಪರಿಮಳವನ್ನು ಕೊನೆಗೆ ಇಟ್ಟಿದ್ದು ಅದು ಮುಖ್ಯವಲ್ಲ ಅಂತಲ್ಲ. ದಿನಾ ಬೆಳಗ್ಗೆ ಮೂಗಿನ ಕೆಳಗೇ ಇರುವುದು ಅದು, ಇಷ್ಟವಾಗದ ವಾಸನೆಯ ಸೋಪು ಎಷ್ಟು ಒಳ್ಳೆಯದಾದರೂ ಮೂಲೆ ಸೇರುತ್ತದೆ. ಅಂಕಗಳಲ್ಲಿ ಸಮಬಂದ ಎರಡು ಸೋಪುಗಳ ನಡುವೆ ಪರಿಮಳ ತೀರ್ಮಾನಿಸಲಿ.

ಗೆದ್ದ ಸೋಪನ್ನು ಎರಡು ವಾರ ಬೇರೆ ಯಾವುದನ್ನೂ ಮುಟ್ಟದೆ ಬಳಸಿ. ಕೈಗೆ ಅದರ ನೀರು ರೂಢಿಯಾಗುತ್ತದೆ, ಸಿರಿಂಜಿನ ಅಗತ್ಯ ಬೀಳುವುದಿಲ್ಲ. ಬಳಸಿದ ಮೇಲೆ ಬಿಲ್ಲೆಯ ಮೇಲಿನ ನೊರೆಯನ್ನು ತೊಳೆದು, ಪೂರ್ತಿ ಒಣಗಿದ ಮೇಲಷ್ಟೇ ಮುಚ್ಚಳ ಹಾಕಿ. ಮನೆ ಬದಲಾಗಿ ನೀರು ಬದಲಾದರೆ ನಾಲ್ಕನೇ ಹಂತವನ್ನು ಮಾತ್ರ ಇನ್ನೊಮ್ಮೆ ಮಾಡಿ.